ದೂರಿಲ್ಲದ ಕಪ್ಪೆ

ಹುಣಸಿಕಲ್ಲಿನ ಜನ ಅದನ್ನು ಕಪ್ಪೆ ಎಂದೇ ಕರೆಯುತ್ತಿದ್ದರು. ಅಂಗೈ ಅಗಲದ ಯಂತ್ರ, ಬಲಪಕ್ಕೆಯ ಕೆಳಗೆ ತೊಗಲಿನೊಳಗೆ ಇಟ್ಟು ಹೊಲಿದದ್ದು. ಅಂಗಿ ಕಳಚಿ ಕೂತವನ ಮೈ ನೋಡಿದರೆ ಆ ಜಾಗ ಕಪ್ಪೆಯ ಗಂಟಲಿನಂತೆ ಉಬ್ಬುವುದು, ಇಳಿಯುವುದು ಕಾಣುತ್ತಿತ್ತು. ನಲವತ್ತು ವರ್ಷ ಕೆಂಪುಕಲ್ಲು ಕೊರೆದು, ಅದರ ಧೂಳನ್ನೇ ಉಸಿರಾಡಿ, ಎದೆಯೊಳಗೂ ಕಲ್ಲು ತುಂಬಿಕೊಂಡವರ ಊರು ಅದು. ಹೊಟ್ಟೆಗೂ ಎದೆಗೂ ನಡುವಿನ ಪರೆಯನ್ನು ಎಳೆದು ಬಿಡುವಷ್ಟು ಕಸುವು ಅವರ ಮೈಯಲ್ಲಿ ಉಳಿದಿರಲಿಲ್ಲ. ಆ ಪರೆಗೆ ಹೋಗುವ ನರವನ್ನು ಕಪ್ಪೆ ಮಿಡಿಯುತ್ತಿತ್ತು. ಕೂತರೆ ಮೆಲ್ಲಗೆ, ನಡೆದರೆ ಚುರುಕಾಗಿ, ಏರು ಹತ್ತಿದರೆ ಇನ್ನೂ ಚುರುಕಾಗಿ. ನಕ್ಕರೆ ನಗುವಿಗೆ ತಕ್ಕಂತೆ, ಅತ್ತರೆ ಅಳುವಿಗೆ ತಕ್ಕಂತೆ. ಹೊತ್ತವನ ಮೈ ಏನು ಕೇಳುತ್ತದೆಂದು ಅದು ವರ್ಷಗಟ್ಟಲೆ ಕಲಿತುಕೊಂಡಿತ್ತು.

ಕಪ್ಪೆಯನ್ನು ಮಾಡಿದ ಕಂಪನಿ ಮುಚ್ಚಿ ಬಹಳ ಕಾಲವಾಗಿತ್ತು. ಮುಚ್ಚುವ ಮುಂಚೆ ಅಲ್ಲಿದ್ದ ಯಾರೋ ಪುಣ್ಯಾತ್ಮ ಅದರೊಳಗಿನ ತಂತ್ರಾಂಶವನ್ನು, ಅಂದರೆ ಯಾವಾಗ ಎಷ್ಟು ಮಿಡಿಯಬೇಕೆಂದು ಕಪ್ಪೆಗೆ ಹೇಳಿಕೊಡುವ ಬರಹವನ್ನು, ಲೋಕಕ್ಕೆಲ್ಲ ತೆರೆದಿಟ್ಟು ಹೋಗಿದ್ದ. ಹತ್ತಾರು ದೇಶಗಳ ಜನ ಸೇರಿ ಅದನ್ನು ಎತ್ತಿಕೊಂಡರು. ‘ಜೊತೆಯುಸಿರು’ ಎಂದು ಹೆಸರಿಟ್ಟರು. ಸಂಬಳವಿಲ್ಲ, ಮಾಲೀಕನಿಲ್ಲ. ತಮ್ಮ ತಮ್ಮ ಮನೆಗಳಲ್ಲಿ ಕೂತು, ರಜೆಯ ದಿನಗಳಲ್ಲಿ, ಎಂದೂ ಕಾಣದವರ ಉಸಿರನ್ನು ತಿದ್ದುತ್ತಿದ್ದರು. ಮೊದಲ ದಿನವೇ ಅವರೊಂದು ಆಣೆ ಮಾಡಿಕೊಂಡಿದ್ದರು: ಯಾರ ಉಸಿರನ್ನೂ ನಾವು ದೂರದಿಂದ ಎಣಿಸುವುದಿಲ್ಲ, ಯಾರ ಎದೆಯೊಳಗಿನ ಸುದ್ದಿಯನ್ನೂ ಅವರು ಹೇಳದೆ ತರಿಸಿಕೊಳ್ಳುವುದಿಲ್ಲ. ಕಂಪನಿಯ ಕಾಲದಲ್ಲಿ ಅದೆಲ್ಲ ನಡೆದು, ಜನ ಮಾನ ಕಳೆದುಕೊಂಡಿದ್ದರು. ಒಳ್ಳೆಯ ಆಣೆಯೇ. ಆದರೆ ಒಳ್ಳೆಯ ಆಣೆಗೂ ಒಂದು ಹಿಂಬದಿ ಇರುತ್ತದೆ.

ಒಂಬತ್ತು ತಿಂಗಳಿಗೆ ಒಂದು ಸುತ್ತು. ಸುತ್ತಿನ ಕೊನೆಗೆ ಹೊಸ ಆವೃತ್ತಿ ಹೊರಬರುತ್ತಿತ್ತು, ಅದರ ಜೊತೆಗೆ ಒಂದು ಮುದ್ರೆ. ಕಳ್ಳರು ಎದೆಯೊಳಗೆ ಕೈಯಾಡಿಸದಿರಲೆಂದು ಇಟ್ಟ ಬೀಗ ಅದು. ಮುದ್ರೆಯ ಆಯುಷ್ಯ ಒಂದೂವರೆ ವರ್ಷ. ಅಷ್ಟರೊಳಗೆ ಹೊಸದು ಸಿಗದಿದ್ದರೆ ಕಪ್ಪೆ ಸಾಯುತ್ತಿರಲಿಲ್ಲ. ಕಲಿತದ್ದನ್ನೆಲ್ಲ ಮರೆತು, ನಿಮಿಷಕ್ಕೆ ಹದಿನಾಲ್ಕರಂತೆ ಒಂದೇ ಸಮ ಮಿಡಿಯುತ್ತ ಕೂರುತ್ತಿತ್ತು. ಹುಣಸಿಕಲ್ಲಿನವರು ಅದಕ್ಕೆ ಕಟ್ಟುಸಿರು ಎಂದರು. ಕಟ್ಟುಸಿರಿನಲ್ಲಿ ಮನುಷ್ಯ ಮಲಗಿರಬಹುದು, ಕೂತಿರಬಹುದು. ಮೆಟ್ಟಿಲು ಹತ್ತುವಂತಿಲ್ಲ. ಉಣ್ಣುತ್ತ ಮಾತಾಡುವಂತಿಲ್ಲ. ನಗು ಬಂದರೆ ಕೆಮ್ಮಾಗುತ್ತದೆ, ಅಳು ಬಂದರೆ ಕಣ್ಣು ಕತ್ತಲಿಡುತ್ತದೆ. ನೆರೆಯ ಊರಿನಲ್ಲಿ ಹಾಗೆ ಒಬ್ಬಳನ್ನು ನೋಡಿ ಬಂದಿದ್ದ ಹುಲಿಗೆವ್ವ ಎರಡು ದಿನ ರೊಟ್ಟಿ ಮುಟ್ಟಿರಲಿಲ್ಲ.

ಹುಣಸಿಕಲ್ಲಿನ ನಲವತ್ತೇಳು ಕಪ್ಪೆಗಳನ್ನು ನೋಡಿಕೊಳ್ಳುತ್ತಿದ್ದವಳು ಈ ಹುಲಿಗೆವ್ವ. ಮೂರನೆಯ ಇಯತ್ತೆಗೆ ಪಾಟಿ ಕೆಳಗಿಟ್ಟು ಜಲ್ಲಿ ಒಡೆಯಲು ಹೋದವಳು. ಅರವತ್ತು ದಾಟಿತ್ತು. ಕಪ್ಪೆಯನ್ನು ಕಂಪನಿಯವರು ತಂದಾಗ ಅವರ ಕೈಕೆಳಗೆ ನಿಂತು ನೋಡಿದ್ದಳು. ಅವರು ಹೋದ ಮೇಲೆ ನೋಡಿದ್ದೇ ವಿದ್ಯೆಯಾಯಿತು. ಮುಚ್ಚಿದ ಕ್ವಾರಿಯ ತೂಕದ ಕೋಣೆಯೇ ಅವಳ ಕಚೇರಿ. ಅಲ್ಲಿ ಒಂದು ಪರದೆ, ಮೂರು ರಬ್ಬರಿನ ಶ್ವಾಸಕೋಶ, ಅವಕ್ಕೆ ತಂತಿ ಬಿಗಿದ ಮೂರು ಹಳೆಯ ಕಪ್ಪೆ. ಆ ಕಪ್ಪೆಗಳು ಯಾರ ಮೈಯಿಂದ ಬಂದವೆಂದು ಅವಳಿಗೆ ಹೆಸರು ಹಿಡಿದು ಗೊತ್ತಿತ್ತು. ಕೋಡ್ ಬರೆಯಲು ಅವಳಿಗೆ ಬಾರದು. ಆದರೆ ಹೊಸ ಆವೃತ್ತಿ ಬಂದಾಗ ಮೊದಲು ರಬ್ಬರಿಗೆ ಹಾಕಿ ಮೂರು ದಿನ ಕಾಯುವಳು. ಆಮೇಲೆ ತನ್ನ ತಮ್ಮ ಪರಸಪ್ಪನ ಎದೆಗೆ ಹಾಕಿ ಹದಿನೈದು ದಿನ ಕಾಯುವಳು. ಊರವರ ಸರದಿ ಅದಾದ ಮೇಲೆ. ಅನ್ನದಲ್ಲಿ ವಿಷವಿದ್ದರೆ ಮೊದಲ ತುತ್ತು ಮನೆಯವರದಾಗಲಿ ಎನ್ನುವುದು ಅವಳ ಮಾತು. ಪರಸಪ್ಪನೂ ಬೇಡವೆಂದವನಲ್ಲ. ಅಕ್ಕ ತಂಗಳು ಇಟ್ಟರೂ ಮೊದಲು ತಿಂದು ನೋಡಿದವ ನಾನೇ ಎಂದು ಚಹಾದಂಗಡಿಯಲ್ಲಿ ಹೇಳಿ ನಗುತ್ತಿದ್ದ. ಅವನ ನಗು ಕೇಳಲಿಕ್ಕೆಂದೇ ಅಲ್ಲಿ ನಾಲ್ಕು ಜನ ಹೆಚ್ಚು ಕೂರುತ್ತಿದ್ದರು.

ಇನ್ನೊಂದು ಕಟ್ಟಳೆ ಇತ್ತು ಊರಿನಲ್ಲಿ. ಕಪ್ಪೆಯ ಮೇಲೆ ದೂರು ಹೇಳಬಾರದು. ಕಂಪನಿಯ ಕಾಲದಲ್ಲಿ ಗಿಡ್ಡ ರಂಗಪ್ಪ ಎಂಬವನು ತನ್ನ ಕಪ್ಪೆ ಒಮ್ಮೊಮ್ಮೆ ತಡವರಿಸುತ್ತದೆಂದು ಕಾಗದ ಬರೆಸಿದ್ದ. ಬಿಳಿ ಗಾಡಿ ಬಂತು. ರಿಪೇರಿಗೆಂದು ಕಪ್ಪೆಯನ್ನು ಬಿಚ್ಚಿಕೊಂಡು, ಕೈಗೊಂದು ಚೀಟಿ ಕೊಟ್ಟು ಕಳಿಸಿದರು. ಹನ್ನೊಂದನೆಯ ದಿನ ರಂಗಪ್ಪನನ್ನು ಹೂಳುವಾಗ ಚೀಟಿ ಅವನ ಕಿಸೆಯಲ್ಲೇ ಇತ್ತು. ಕಂಪನಿ ಹೋಗಿ ಧರ್ಮಿಷ್ಠರು ಬಂದ ಮೇಲೆ ಹೆದರಿಕೆ ಹೋಯಿತು, ಸಂಕೋಚ ಉಳಿಯಿತು. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದು. ಯಾರ ಕಪ್ಪೆಯಾದರೂ ಕಿರಿಕಿರಿ ಮಾಡಿದರೆ ಹುಲಿಗೆವ್ವನ ಮುಂದೆ ಬಂದು ಕೂರುವರು, ಅವಳು ಮಿಡಿತದ ಹದವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುವಳು, ಅಲ್ಲಿಗೆ ಮುಗಿಯಿತು. ಹನ್ನೊಂದು ವರ್ಷ ಹುಣಸಿಕಲ್ಲಿನಿಂದ ‘ಜೊತೆಯುಸಿರಿ’ಗೆ ಒಂದು ಸಾಲಿನ ದೂರೂ ಹೋಗಿರಲಿಲ್ಲ.

ಆ ಸಲದ ಹೊಸ ಸುತ್ತು ಆರಂಭವಾದದ್ದು ಒಂದು ಸೋಮವಾರ ಬೆಳಿಗ್ಗೆ. ಸುತ್ತಿನ ಮೊದಲ ವಾರಕ್ಕೆ ಕರೆಯ ವಾರ ಎಂದು ಹೆಸರು. ಹಿಂದಿನದನ್ನು ಕಟ್ಟಿ ಪಕ್ಕಕ್ಕಿಟ್ಟು, ಹೊಸ ಕೆಲಸಕ್ಕೆ ಅಂಗಳ ಗುಡಿಸುವ ವಾರ ಅದು. ಯಾವ ಯಾವ ಯಂತ್ರವನ್ನು ಈ ಸುತ್ತಿನಲ್ಲೂ ಜೊತೆಗೆ ಕರೆದೊಯ್ಯಬೇಕೆಂದು ಒಂದೊಂದೇ ಹೆಸರು ಕರೆಯುವರು. ಹುಲಿಗೆವ್ವ ಪ್ರತಿ ಸಲ ಪರದೆಯ ಮುಂದೆ ಕೂತು ಕೇಳುವಳು, ಮದುವೆಮನೆಯಲ್ಲಿ ದೂರದ ನೆಂಟರು ಕೂತಂತೆ, ಬಾಯಿ ಬಿಡದೆ. ಎಲ್ಲರ ಮಾತೂ ಕೆಳಗೆ ಕನ್ನಡದಲ್ಲಿ ಓಡುತ್ತಿತ್ತು. ಅವಳು ಬೆರಳಿಟ್ಟು ಓದುತ್ತಿದ್ದಳು.

ಈ ಸುತ್ತಿನ ಮುಂದಾಳು ಮಂಗಳೂರಿನ ಜೆಸಿಂತಾ. ಶಾಲೆಯಲ್ಲಿ ಗಣಿತ ಹೇಳಿಕೊಡುವ, ಸದಾ ನಿದ್ದೆ ಸಾಲದ ಕಣ್ಣಿನ ಹೆಂಗಸು. ಹಳೆಯ ಯಂತ್ರಗಳ ಹೊರೆ ಹೆಚ್ಚಾಗಿದೆ, ಕೈಗಳು ಕಡಿಮೆಯಾಗಿವೆ ಎಂದು ಅವಳು ಆರಂಭಿಸಿದಳು. ಆದ್ದರಿಂದ ಈ ಸಲದಿಂದ ಎರಡು ಸುತ್ತು ಒಂದು ದೂರೂ ಬಾರದ ಯಂತ್ರ ಈಗ ಯಾರ ಮೈಮೇಲೂ ಇಲ್ಲ ಎಂದೇ ತಿಳಿದು ಅದನ್ನು ಪಟ್ಟಿಯಿಂದ ತೆಗೆಯುವುದೆಂದು ಸಭೆ ತೀರ್ಮಾನಿಸಿದೆ. ನಾವು ಯಾರನ್ನೂ ಎಣಿಸುವುದಿಲ್ಲವಲ್ಲ. ದೂರೊಂದೇ ನಮಗೆ ಸಿಗುವ ಗುರುತು. ಹೀಗೆ ಹೇಳಿ ಅವಳು ಕರೆಯತೊಡಗಿದಳು. ಏಳನೆಯ ಮಾದರಿ, ನಲವತ್ತು ದೂರು, ಉಳಿಯಿತು. ಐದನೆಯದು ಹನ್ನೆರಡು, ಉಳಿಯಿತು. ಮೊದಲ ಮಾದರಿ ಎಂದಳು. ಹುಲಿಗೆವ್ವ ಬೆರಳನ್ನು ಸಾಲಿನ ಮೇಲೆ ಒತ್ತಿ ಹಿಡಿದಳು. ಹಿಂದಿನ ಸುತ್ತು ಸೊನ್ನೆ, ಅದರ ಹಿಂದಿನದೂ ಸೊನ್ನೆ. ಏಳು ದಿನದೊಳಗೆ ಯಾರೂ ದೂರು ಬರೆಯದಿದ್ದರೆ ತೆಗೆಯಲಾಗುವುದು.

ಮೊದಲ ಮಾದರಿ ಎಂದರೆ ಕಪ್ಪೆ. ಪಟ್ಟಿಯಿಂದ ತೆಗೆದರೆ ಅದಕ್ಕೆ ಹೊಸ ಮುದ್ರೆ ಸಿಗದು. ಹುಲಿಗೆವ್ವನ ಪಕ್ಕದಲ್ಲಿ ಮೂರು ರಬ್ಬರಿನ ಚೀಲಗಳು ಉಸಿರಾಡುತ್ತಲೇ ಇದ್ದವು.

ಮನೆಗೆ ಬಂದು ತಮ್ಮನಿಗೆ ಹೇಳಿದಾಗ ಅವನು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದ. ಮೊದಲು ಅವನಿಗೆ ಅರ್ಥವಾಗಲಿಲ್ಲ. ಎರಡನೆಯ ಸಲ ಹೇಳಿದಾಗ ಸುಲಿಯುವ ಕೈ ನಿಂತಿತು.

“ಅಂದ್ರ ನಾವು ಚಲೋ ಇರೂದ ತಪ್ಪಾತೇನಕ್ಕ?” ಎಂದ.

ತಪ್ಪೆಂದಲ್ಲ, ಇದ್ದೇವೆಂದೇ ಅವರಿಗೆ ತಿಳಿದಿಲ್ಲ ಎಂದಳು ಹುಲಿಗೆವ್ವ.

“ಹಂಗಾರ ಇದ್ದೀವಿ ಅಂತ ಹೇಳಿಬಿಡು. ನಲವತ್ತೇಳು ಮಂದಿ ಕರಕೊಂಡು ಪರದೆ ಮುಂದ ನಿಂತು ಕೆಮ್ಮೂಣು. ಕೇಳಿಸ್ತೈತಿ ಮಂಗಳೂರಿಗೆ.” ಹೇಳಿ ತನ್ನ ಮಾತಿಗೆ ತಾನೇ ನಕ್ಕ. ಅಂಗಿಯ ಕೆಳಗೆ ಕಪ್ಪೆ ನಗುವಿನ ಜೊತೆಗೇ ಕುಣಿಯಿತು. ಹುಲಿಗೆವ್ವ ಅದನ್ನೇ ನೋಡುತ್ತ ನಿಂತಳು. ನಗುವ ತಮ್ಮನನ್ನು ಅರವತ್ತು ವರ್ಷದಲ್ಲಿ ಅವಳು ಎಷ್ಟೋ ಸಲ ಸುಮ್ಮನಿರಿಸಿದ್ದಳು.

ಮರುದಿನ ಅವಳು ಜೆಸಿಂತಾಳ ಜೊತೆ ಮಾತಾಡಿದಳು. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನಲವತ್ತೇಳು ಜನರ ಹೆಸರು ಹೇಳಿದಳು. ಜೆಸಿಂತಾ ನಂಬಿದಳು, ಕೂಡಲೇ ಸಭೆಯ ಮುಂದಿಟ್ಟಳು. ಆದರೆ ಬಾಯಿಮಾತಿಗೆ ಬೆಲೆ ಇಲ್ಲದಂತೆ ಹಿಂದೆ ಯಾರೋ ಮಾಡಿಟ್ಟಿದ್ದರು. ಗುಜರಿಯ ಬಿಡಿಭಾಗ ಮಾರುವವರು ಇಲ್ಲದ ಜನರನ್ನು ಇದ್ದಾರೆಂದು ಹೇಳಿ ಸತ್ತ ಯಂತ್ರಗಳನ್ನು ಪಟ್ಟಿಯಲ್ಲಿ ಉಳಿಸಿಕೊಂಡಿದ್ದರಂತೆ. ತಂಪು ದೇಶದ ಒಬ್ಬ ಹಿರಿಯ ಬಹಳ ಮರ್ಯಾದೆಯಿಂದ ಕೇಳಿದ: ಹನ್ನೊಂದು ವರ್ಷ ಒಂದು ಸಾಲಿಲ್ಲ, ಈಗ ಒಂದೇ ದಿನ ನಲವತ್ತೇಳು ಹೆಸರೇ? ದೂರಿದ್ದರೆ ತನ್ನಿ, ನಾವೇ ಕೂತು ನೋಡುತ್ತೇವೆ.

“ಎಂತ ಮಾಡುದು ಹುಲಿಗೆವ್ವ, ಅವರು ಹೇಳುದೂ ಸುಳ್ಳಲ್ಲ,” ಎಂದಳು ಜೆಸಿಂತಾ. “ನೀವು ಒಂದೇ ಒಂದು ದೂರು ಬರೀರಿ. ನಿಜದ್ದು. ಮತ್ತೆ ನಾನು ನೋಡಿಕೊಳ್ತೇನೆ.”

ಹುಲಿಗೆವ್ವ ನಿಜದ್ದನ್ನೇ ಬರೆದಳು. ಚಳಿಗಾಲದಲ್ಲಿ ತಿಮ್ಮವ್ವನ ಕಪ್ಪೆ ಬೆಳಗಿನ ಹೊತ್ತು ಅರೆಕ್ಷಣ ತಡ ಮಾಡುತ್ತದೆ ಎಂದು ಒಂದು. ಮಗ್ಗುಲು ಬದಲಿಸಿದಾಗ ಲಚ್ಚಪ್ಪನದು ಒಂದು ಮಿಡಿತ ನುಂಗುತ್ತದೆ ಎಂದು ಇನ್ನೊಂದು. ಬಿಕ್ಕಳಿಕೆ ಬಂದರೆ ಕಪ್ಪೆ ಗೊಂದಲಕ್ಕೆ ಬೀಳುತ್ತದೆ ಎಂದು ಮೂರನೆಯದು. ಅಕ್ಷರ ಕೂಡಿಸಿ ಬರೆಯಲು ಎರಡು ದಿನ ಹಿಡಿಯಿತು. ಮೂರಕ್ಕೂ ಉತ್ತರ ಬೇಗನೆ ಬಂತು. ಹದ ಬದಲಿಸಿದರೆ ಸರಿಹೋಗುತ್ತದಲ್ಲ ಎಂದು ಕೇಳಿದ್ದರು. ಹೌದು, ನಾನೇ ಸರಿ ಮಾಡಿದ್ದೇನೆ ಎಂದು ಬರೆದಳು ಈ ಪುಣ್ಯಾತ್ಗಿತ್ತಿ. ಹಾಗಾದರೆ ಅದು ತಂತ್ರಾಂಶದ ತಪ್ಪಲ್ಲ, ದೂರಲ್ಲ ಎಂದು ಮೂರನ್ನೂ ಮುಚ್ಚಿದರು. ಬೈಗುಳವಿಲ್ಲ, ಬಿಗುಮಾನವಿಲ್ಲ, ಪ್ರತಿಯೊಂದರ ಕೆಳಗೂ ‘ಬರೆದದ್ದಕ್ಕೆ ಧನ್ಯವಾದ’ ಎಂದಿತ್ತು.

ಎರಡು ದಿನ ಉಳಿದಿತ್ತು. ಹುಲಿಗೆವ್ವ ತೂಕದ ಕೋಣೆಯಲ್ಲಿ ಕೂತು ಹಳೆಯದನ್ನೆಲ್ಲ ನೆನೆದಳು. ಅವಳ ನೆನಪು ಗಟ್ಟಿ. ಯಾವ ವರ್ಷ ಯಾವ ಕಪ್ಪೆ ಏನು ಮಾಡಿತೆಂದು ಹಾಳೆ ತಿರುವದೆ ಹೇಳಬಲ್ಲಳು. ಕಂಪನಿಯ ಕಾಲದಲ್ಲಿ ಕಪ್ಪೆಗೆ ಒಂದು ನಿಜವಾದ ರೋಗವಿತ್ತು. ಏರು ಹತ್ತುವಾಗ ಅದು ಎರಡು ಮಿಡಿತ ಹಿಂದೆ ಬೀಳುತ್ತಿತ್ತು. ಹತ್ತುವವನು ಬಾಯಿ ತೆರೆದುಕೊಂಡು ನಿಲ್ಲಬೇಕಾಗುತ್ತಿತ್ತು. ‘ಜೊತೆಯುಸಿರಿ’ನವರು ತಮ್ಮ ಮೊದಲ ಸುತ್ತಿನಲ್ಲೇ ಅದನ್ನು ವಾಸಿ ಮಾಡಿದ್ದರು. ಯಾರು ಮಾಡಿದರೋ, ಈಗ ಎಲ್ಲಿದ್ದಾರೋ, ಅವರ ಹೆಸರು ತಿಳಿದವರೂ ಅಲ್ಲಿ ಉಳಿದಿರಲಿಲ್ಲ. ಆ ರೋಗವನ್ನು ಅವಳು ಇವತ್ತಿನದೆಂದು ಬರೆದಳು. ಎಷ್ಟನೆಯ ಮೆಟ್ಟಿಲಿಗೆ ಶುರುವಾಗುತ್ತದೆ, ತುಟಿಯ ಬಣ್ಣ ಹೇಗಾಗುತ್ತದೆ, ಎಷ್ಟು ಹೊತ್ತು ನಿಂತರೆ ಸರಿಹೋಗುತ್ತದೆ, ಒಂದೂ ಬಿಡದೆ ಬರೆದಳು. ಹದ ಬದಲಿಸಿದರೂ ಹೋಗುವುದಿಲ್ಲ ಎಂದು ಕೊನೆಗೆ ಸೇರಿಸಿದಳು. ಕಣ್ಣಾರೆ ಕಂಡದ್ದೇ. ಆದರೆ ಕಂಡು ಹನ್ನೆರಡು ವರ್ಷವಾಗಿತ್ತು.

ಏಳನೆಯ ದಿನ ಮೊದಲ ಮಾದರಿಯ ಮುಂದೆ ‘ಉಳಿಯಿತು’ ಎಂದು ಬಂತು. ಪರಸಪ್ಪ ಊರಿಗೆಲ್ಲ ಚಹಾ ಕುಡಿಸಿದ. ಏನು ಬರೆದೆ ಎಂದು ಕೇಳಿದಾಗ, ಏನೋ ಒಂದು ಬರೆದೆ ಎಂದಳು ಅಕ್ಕ. ಅವನೂ ಬೆನ್ನು ಹತ್ತಲಿಲ್ಲ.

ಸುತ್ತು ನಡೆಯಿತು. ಮೂರನೆಯ ತಿಂಗಳಿಗೆ ಹಾನಾ ಎಂಬವಳಿಂದ ಓಲೆ ಬಂತು. ಯಾವುದೋ ಕಡಲಾಚೆಯ ದೇಶದ ದಾದಿ. ಆಸ್ಪತ್ರೆಯ ಕೆಲಸ ಮುಗಿಸಿ ಬಿಡುವಿದ್ದಾಗ ‘ಜೊತೆಯುಸಿರಿ’ಗೆ ಕೋಡ್ ಬರೆಯುವವಳು. ನಿಮ್ಮ ದೂರನ್ನು ನಾನು ಎತ್ತಿಕೊಂಡಿದ್ದೇನೆ, ಇಷ್ಟು ಬಿಡಿಸಿ ಬರೆದ ದೂರನ್ನು ನಾನು ಓದಿಯೇ ಇರಲಿಲ್ಲ, ನಿಮ್ಮ ಊರಿನ ಮೆಟ್ಟಿಲು ನನ್ನ ಕಣ್ಣಿಗೆ ಕಟ್ಟಿದಂತಿದೆ ಎಂದು ಬರೆದಿದ್ದಳು. ಹುಲಿಗೆವ್ವ ಅದನ್ನು ಎರಡು ಸಲ ಬೆರಳಿಟ್ಟು ಓದಿದಳು. ಆ ದೂರು ಸುಳ್ಳು ಎಂದು ಆಗ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಬರೆದರೆ ಕಪ್ಪೆ ಪಟ್ಟಿಯಿಂದ ಹೋಗುತ್ತದೆ. ಇಲ್ಲದ ರೋಗಕ್ಕೆ ಯಾರೋ ಮದ್ದು ಅರೆಯುತ್ತಾರೆ, ಅರೆದುಕೊಳ್ಳಲಿ, ಅದರಿಂದ ಯಾರಿಗೇನು ಎಂದು ತನಗೆ ತಾನೇ ಹೇಳಿಕೊಂಡಳು. ಅರೆದ ಮದ್ದನ್ನು ಯಾರಾದರೂ ಕುಡಿಯಲೇಬೇಕು ಎನ್ನುವುದು ಆಗ ಅವಳಿಗೆ ಹೊಳೆಯಲಿಲ್ಲ. ಹೊಳೆದಿದ್ದರೂ ಬರೆಯುತ್ತಿದ್ದಳೋ ಇಲ್ಲವೋ ಎಂಬುದನ್ನು ಆಮೇಲೆ ಅವಳು ಬಹಳ ದಿನ ಯೋಚಿಸಿದಳು.

ಹಾನಾ ಬಹಳ ಶ್ರಮಪಟ್ಟಳು. ಏರು ಹತ್ತುವ ಸುಳಿವು ಸಿಕ್ಕೊಡನೆ ಕಪ್ಪೆ ಎರಡು ಮಿಡಿತ ಮುಂದೆ ಓಡುವಂತೆ ಬರೆದಳು. ರಬ್ಬರಿನ ಮೇಲೆ ಹಾಕಿ ನೋಡುವಿರಾ ಎಂದು ಕೇಳಿದಳು. ಹುಲಿಗೆವ್ವ ಹಾಕಿದಳು. ಮೂರು ಚೀಲಗಳೂ ಸರಿಯಾಗಿ ಉಬ್ಬಿ ಇಳಿದವು. ಇಳಿಯದೆ ಏನು? ರಬ್ಬರು ಬಿಟ್ಟೊಡನೆ ಕುಗ್ಗುತ್ತದೆ. ಅದರೊಳಗೆ ಕಲ್ಲಿಲ್ಲ. ಚೆನ್ನಾಗಿದೆ ಎಂದು ಅವಳು ನಿಜವನ್ನೇ ಬರೆದಳು.

ಒಂಬತ್ತು ತಿಂಗಳಿಗೆ ಆವೃತ್ತಿ ಬಂತು. ಬಿಡುಗಡೆಯ ಟಿಪ್ಪಣಿಯಲ್ಲಿ ಸಹಕರಿಸಿದವರ ಸಾಲಿನಲ್ಲಿ ಅವಳ ಹೆಸರಿತ್ತು. ಹಿಂದಿನ ಪದ್ಧತಿಯಂತೆ ಪರಸಪ್ಪನ ಎದೆಗೆ ಮೊದಲು ಹಾಕಿದಳು. ಮೂರು ದಿನ ಏನೂ ಆಗಲಿಲ್ಲ. ಹುಣಸಿಕಲ್ಲು ಬಯಲು ಊರು. ನಾಲ್ಕನೆಯ ದಿನ ಮಧ್ಯಾಹ್ನ ಅವನು ಕ್ವಾರಿಯ ಹೊಂಡದಲ್ಲಿ ಬಟ್ಟೆ ಒಗೆದುಕೊಂಡು ಮೆಟ್ಟಿಲು ಹತ್ತಿದ. ಹತ್ತುವಾಗ ಕಪ್ಪೆ ಓಡತೊಡಗಿತು. ಒಳಗೆ ಎಳೆದ ಗಾಳಿ ಹೊರಗೆ ಹೋಗುವ ಮುಂಚೆ ಇನ್ನೊಂದು ಎಳೆಯಿತು, ಅದರ ಮೇಲೆ ಮತ್ತೊಂದು. ಕಲ್ಲು ತುಂಬಿದ ಎದೆ ನಿಧಾನ ಖಾಲಿಯಾಗುವ ಎದೆ. ಗಾಳಿಯ ಮೇಲೆ ಗಾಳಿ ಪೇರಿಸಿ, ಮೂವತ್ತನೆಯ ಮೆಟ್ಟಿಲ ಹತ್ತಿರ ಶ್ವಾಸಕೋಶ ಒಂದು ಕಡೆ ಹರಿಯಿತು. ಒದ್ದೆ ಬಟ್ಟೆಯ ಮೇಲೆ ಬಿದ್ದವನನ್ನು ಹೊತ್ತು ತಂದರು.

ಪಕ್ಕೆಗೆ ಕೊಳವೆ ಹಾಕಿ ಡಾಕ್ಟರರು ಉಳಿಸಿದರು. ಹುಲಿಗೆವ್ವ ಆಸ್ಪತ್ರೆಯ ಮಂಚದ ಪಕ್ಕದಲ್ಲಿ ನಿಂತು ತನ್ನ ಕೈಯಾರೆ ತಮ್ಮನ ಕಪ್ಪೆಯನ್ನು ಕಟ್ಟುಸಿರಿಗೆ ಇಳಿಸಿದಳು. ಬೇರೆ ದಾರಿ ಇರಲಿಲ್ಲ. ಹಾನಾ ಬರೆದದ್ದು ಹದದ ತಿರುಪಿಗೆ ಸಿಗುವ ಜಾಗದಲ್ಲಿರಲಿಲ್ಲ. ಹೊಸದನ್ನು ಒಮ್ಮೆ ನುಂಗಿದ ಕಪ್ಪೆ ಹಳೆಯದನ್ನು ಮತ್ತೆ ಒಳಗೆ ಬಿಡುತ್ತಿರಲಿಲ್ಲ. ಅದೂ ಕಳ್ಳರಿಗಾಗಿ ಇಟ್ಟ ಬೀಗವೇ. ಉಳಿದ ನಲವತ್ತಾರು ಜನ ಹಳೆಯ ಆವೃತ್ತಿಯಲ್ಲಿದ್ದರು. ಅವರ ಮುದ್ರೆಗೆ ಒಂಬತ್ತು ತಿಂಗಳು ಬಾಕಿ, ಮುಂದಿನ ಬಿಡುಗಡೆಗೆ ಹೆಚ್ಚುಕಡಿಮೆ ಅಷ್ಟೇ. ಆ ಬಿಡುಗಡೆಯಲ್ಲೂ ಈ ಮದ್ದು ಉಳಿದರೆ, ಮುದ್ರೆ ಹಾಕಿಸಿಕೊಂಡವನ ಎದೆ ಹರಿಯುತ್ತದೆ, ಹಾಕಿಸಿಕೊಳ್ಳದವನು ಕಟ್ಟುಸಿರಿಗೆ ಬೀಳುತ್ತಾನೆ.

ಅವಳು ಜೆಸಿಂತಾಳಿಗೆ ಎಲ್ಲವನ್ನೂ ಹೇಳಿದಳು. ಮಂಗಳೂರಿನ ಮನೆಯಲ್ಲಿ ಯಾರೋ ಮಿಕ್ಸರ್ ತಿರುಗಿಸುತ್ತಿದ್ದದ್ದು ಕೇಳಿಸಿತು.

ಗುಟ್ಟಾಗಿ ತೆಗೆದುಬಿಡು ತಂಗಿ ಎಂದು ಕೇಳಿಕೊಂಡಳು ಹುಲಿಗೆವ್ವ. ಜೆಸಿಂತಾ ತಲೆಯಲ್ಲಾಡಿಸಿದಳು. “ಇಲ್ಲಿ ಗುಟ್ಟು ಅಂತ ಒಂದು ಇಲ್ಲ. ಹಾಕಿದ್ದು ಎಲ್ಲರ ಎದುರು, ತೆಗೆಯುದೂ ಎಲ್ಲರ ಎದುರೇ. ಯಾಕೆ ತೆಗೆದದ್ದು ಅಂತ ಬರೀಬೇಕು. ಹಾನಾ ಕೇಳಿದ್ರೆ ನಾನು ಎಂತ ಹೇಳುದು ಅವಳಿಗೆ?”

ಬರೆಯುತ್ತೇನೆ ಎಂದಳು ಹುಲಿಗೆವ್ವ. ಆದರೆ ಅಷ್ಟಕ್ಕೆ ಮುಗಿಯುವಂತಿರಲಿಲ್ಲ. ಮುಂದಿನ ಸುತ್ತಿನ ಕರೆಯ ವಾರ ಹತ್ತಿರ ಬಂದಿತ್ತು. ಅವಳ ದೂರು ಸುಳ್ಳೆಂದು ಹಿಂದೆಗೆದುಕೊಂಡರೆ ಕಪ್ಪೆಯ ಲೆಕ್ಕ ಮತ್ತೆ ಸೊನ್ನೆ. ಸುಳ್ಳು ದೂರು ಬರೆದವರ ಹೆಸರನ್ನು ಪಾಲಕರ, ಅಂದರೆ ಊರೂರಲ್ಲಿ ಯಂತ್ರ ನೋಡಿಕೊಳ್ಳುವವರ, ಪಟ್ಟಿಯಿಂದ ಅಳಿಸುವರು, ಅವರ ದೂರನ್ನು ಮತ್ತೆ ತೆಗೆದುಕೊಳ್ಳುವುದಿಲ್ಲ. ಅವಳು ನೂರು ನಿಜ ಬರೆದರೂ ಅದು ದೂರಲ್ಲ. ಕಪ್ಪೆ ಹೊತ್ತವನೊಬ್ಬ ತನ್ನ ಬಾಯಿಂದ ತನ್ನ ತೊಂದರೆ ಹೇಳಬೇಕು. ಬರೆದುಕೊಳ್ಳುವವರು ಯಾರಾದರೂ ಆಗಬಹುದು; ದನಿ ಮಾತ್ರ ಅವನದೇ ಇರಬೇಕು, ಅದನ್ನೂ ಕಳಿಸಬೇಕು.

ಹೊಸ ಆವೃತ್ತಿ ಹೊತ್ತವನು ಊರಿನಲ್ಲಿ ಒಬ್ಬನೇ ಇದ್ದ.

ಪರಸಪ್ಪ ಮನೆಗೆ ಬಂದು ಒಂಬತ್ತು ದಿನವಾಗಿತ್ತು. ಗೋಡೆಗೆ ಒರಗಿಸಿ ಕೂರಿಸಿದ್ದರು. ಚಹಾದಂಗಡಿಯವರು ನೋಡಲು ಬಂದು, ಹಳೆಯ ಅಭ್ಯಾಸದಿಂದ ಏನೋ ತಮಾಷೆ ಎತ್ತಿ, ಅವನಿಗೆ ನಗು ಬಂದು, ಆ ನಗು ಕೆಮ್ಮಾಗಿ, ಬಿಳುಚಿಕೊಂಡದ್ದನ್ನು ಕಂಡು ಎದ್ದು ಹೋಗಿದ್ದರು. ಮತ್ತೆ ಬಂದವರಿಲ್ಲ. ಈಗ ಅವನ ಮಾತು ಕಪ್ಪೆ ಬಿಟ್ಟುಕೊಟ್ಟಷ್ಟೇ: ಉಸಿರು ಹೊರಗೆ ಹೋಗುವಾಗ ಮೂರೋ ನಾಲ್ಕೋ ಶಬ್ದ, ಆಮೇಲೆ ಕಾಯಬೇಕು.

ಹುಲಿಗೆವ್ವ ಪರದೆಯನ್ನು ಮನೆಗೆ ತಂದು ಅವನ ಮುಂದಿಟ್ಟಳು. ಸುಳ್ಳು ದೂರಿನ ಮಾತನ್ನು ಮೊದಲ ದಿನವೇ ಆಸ್ಪತ್ರೆಯಲ್ಲಿ ಹೇಳಿದ್ದಳು. ಅವನು ಕೇಳಿಸಿಕೊಂಡು ಗೋಡೆಯ ಕಡೆ ಹೊರಳಿದ್ದ.

ನಾನು ದೂರು ಕೊಡುವುದಿಲ್ಲ ಎಂದ ಪರಸಪ್ಪ. ಅಷ್ಟು ಹೇಳಲು ಎರಡು ಉಸಿರು ಬೇಕಾಯಿತು. ಗಿಡ್ಡ ರಂಗಪ್ಪನ ಮಗ್ಗುಲಲ್ಲಿ ಕಲ್ಲು ಕೊರೆದವನು ಅವನು. ಆ ಚೀಟಿಯನ್ನು ಓದಿ ಹೇಳಿದವನೂ ಅವನೇ. ಹುಲಿಗೆವ್ವ ಒತ್ತಾಯ ಮಾಡಲಿಲ್ಲ. ನಲವತ್ತಾರು ಹೆಸರುಗಳನ್ನು ಒಂದೊಂದಾಗಿ ಹೇಳಿದಳು, ತಿಮ್ಮವ್ವ, ಲಚ್ಚಪ್ಪ, ಲಚ್ಚಪ್ಪನ ಹೆಂಡತಿ, ಹೀಗೆ. ಇಪ್ಪತ್ತನೆಯದಕ್ಕೆ ಅವನು ಕೈಯೆತ್ತಿದ.

ಬಿಸಿಲು ಹೊಸ್ತಿಲಿನಿಂದ ಕಟ್ಟೆಗೆ, ಕಟ್ಟೆಯಿಂದ ಅಂಗಳಕ್ಕೆ ಇಳಿಯುವವರೆಗೆ ಅವನು ಹೇಳಿದ. ಎಷ್ಟು ಮೆಟ್ಟಿಲು, ಎಲ್ಲಿ ಶುರುವಾಯಿತು, ಎದೆಯೊಳಗೆ ಏನಾಯಿತು. ಮೂರು ಶಬ್ದ, ಒಂದು ಕಾಯುವಿಕೆ. ಅವಳು ಒಂದೊಂದೇ ಅಕ್ಷರ ಒತ್ತಿದಳು. ಅವನ ಉಸಿರಿಗೂ ಅವಳ ಬೆರಳಿಗೂ ವೇಗ ಸರಿಹೊಂದಿತ್ತು. ಕೊನೆಗೆ ಒಂದು ಪ್ರಶ್ನೆ ಉಳಿಯಿತು: ಈ ತೊಂದರೆಗೆ ಕಾರಣ ಗೊತ್ತಿದ್ದರೆ ಹೇಳಿ. ಹುಲಿಗೆವ್ವ ಅದನ್ನು ಓದಿ ಹೇಳಿದಳು.

“ಗೊತ್ತಿಲ್ಲ ಅಂತ... ಬರಿ,” ಎಂದ ಪರಸಪ್ಪ.

“ಹೇಳಲಿಲ್ಲಂದ್ರ ಅವರು ಯಾವುದನ್ನ ತಗೀಬೇಕು ಅಂತ ಅವರಿಗೆ ತಿಳಿಯಂಗಿಲ್ಲ,” ಎಂದಳು ಹುಲಿಗೆವ್ವ. “ಇಲ್ಲದ್ದು ಬರದ ಈ ಗತಿ ಬಂದೈತಿ. ಇದ್ದದ್ದು ಹೇಳು.”

“ನಿನ್ನ... ತಗದು ಹಾಕ್ತಾರ.”

“ಹಾಕ್ತಾರ.”

“ಇವರನ್ನ... ಯಾರು ನೋಡಬೇಕು?”

ಬೇರೆ ಊರಿನ ಪಾಲಕರು ತಿಂಗಳಿಗೊಮ್ಮೆ ಬಂದುಹೋಗುತ್ತಾರೆಂದು ಜೆಸಿಂತಾ ಹೇಳಿದ್ದಳು. ತಿಂಗಳಿಗೊಮ್ಮೆ ಬರುವವರಿಗೆ ತಿಮ್ಮವ್ವನ ಚಳಿಗಾಲದ ಬೆಳಗು ಗೊತ್ತಿರುವುದಿಲ್ಲ. ಹುಲಿಗೆವ್ವ ದನಿ ಹಿಡಿಯುವ ಗುಂಡಿಯನ್ನು ಒತ್ತಿ ಅವನ ಬಾಯಿಯ ಹತ್ತಿರ ಹಿಡಿದಳು.

“ನಮ್ಮಕ್ಕ,” ಎಂದ ಪರಸಪ್ಪ. ಕಪ್ಪೆ ಒಳಗೆಳೆಯಿತು. “ಇಲ್ಲದ ರೋಗಾನ... ಐತಿ ಅಂತ ಬರದಳು.” ಮತ್ತೆ ಎಳೆಯಿತು. “ನಮ್ಮನ್ನ ಉಳಸಾಕ... ಬರದಳು.”

ಕೊನೆಯ ಮಾತಿಗೆ ಅಲ್ಲಿ ಜಾಗವಿರಲಿಲ್ಲ. ಕಾರಣಕ್ಕೆ ಒಂದು ಸಾಲು, ಅದರ ಕೆಳಗೆ ಆ ದೂರು ಬರೆದವರ ಪೂರ್ತಿ ಹೆಸರಿಗೆ ಒಂದು ಸಾಲು. ಅವಳು ಮೊದಲ ಸಾಲು ತುಂಬಿದಳು. ಎರಡನೆಯದರ ಮುಂದೆ ಬೆರಳು ನಿಂತಿತು. ತಮ್ಮ ಹೇಳಲಿ ಎಂದು ಕಾದಳು. ಅವನು ಹೇಳಲಿಲ್ಲ, ಅವಳ ಮುಖವನ್ನೂ ನೋಡಲಿಲ್ಲ. ತನ್ನ ಹೆಸರನ್ನು, ತಂದೆಯ ಹೆಸರನ್ನು, ಊರಿನ ಹೆಸರನ್ನು ಅವಳೇ ಕೂಡಿಸಿ ಬರೆದು ಕಳಿಸಿದಳು.

ಕಣ್ಣು ಮಿಟುಕಿಸುವಷ್ಟರಲ್ಲಿ ಉತ್ತರ ಬಂತು. ಮನುಷ್ಯರು ಬರೆದದ್ದಲ್ಲ, ದೂರು ಮುಟ್ಟಿದೊಡನೆ ತಾನಾಗಿ ಬರುವ ಸಾಲು: ‘ಬರೆದದ್ದಕ್ಕೆ ಧನ್ಯವಾದ. ಮೊದಲ ಮಾದರಿ: ಬಳಕೆಯಲ್ಲಿದೆ.’

ಏನು ಬಂತೆಂದು ಪರಸಪ್ಪ ಹುಬ್ಬೇರಿಸಿ ಕೇಳಿದ.

“ನಾವು ಇದ್ದೀವಂತ,” ಎಂದಳು ಹುಲಿಗೆವ್ವ.

ಅವನ ತುಟಿ ಅಗಲವಾಯಿತು. ನಗು ಗಂಟಲವರೆಗೆ ಬಂದದ್ದು ಅವಳಿಗೆ ಕಂಡಿತು. ಅಷ್ಟರಲ್ಲಿ ಕಪ್ಪೆ ತನ್ನ ಹೊತ್ತಿಗೆ ಸರಿಯಾಗಿ ಗಾಳಿಯನ್ನು ಒಳಗೆಳೆದುಕೊಂಡಿತು. ಅವನು ಬಾಯಿ ಮುಚ್ಚಿಕೊಂಡ.